ಅರಿವಳಿಕೆ ವಿಭಾಗದಲ್ಲಿ ಎಂಡಿ: ಸೇರುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಕೌನ್ಸೆಲಿಂಗ್ ಶುರುವಾಯಿತೆಂದರೆ ನನ್ನ ಮೊಬೈಲಿಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಕೇಳುವವರು ಹೆಚ್ಚಾಗಿ ಇಂಟರ್ನ್‌ಶಿಪ್ ಮುಗಿಸಿದ ಹುಡುಗ ಹುಡುಗಿಯರು, ಆಗೊಮ್ಮೆ ಈಗೊಮ್ಮೆ ಅವರ ತಂದೆ ತಾಯಂದಿರು. ನಾನು ಕರ್ನಾಟಕದ ಸರ್ಕಾರಿ ಕಾಲೇಜೊಂದರಲ್ಲಿ ಈ ವಿಷಯ ಓದಿದವನು, ಈಗ ಪಿಜಿಗಳಿಗೆ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸುವವನು. ಹಾಗಾಗಿ ಇಲ್ಲಿರುವುದು ನಮ್ಮ ರಾಜ್ಯದ ಕಾಲೇಜುಗಳ ಮಾತು. ಬೇರೆ ಕಡೆ ಪದ್ಧತಿ ಬೇರೆ ಇರಬಹುದು.

ಇದು ಎಷ್ಟು ವರ್ಷದ ಕೋರ್ಸ್? ಸೀಟು ಸಿಗುವುದು ಹೇಗೆ?

ಎಂಬಿಬಿಎಸ್ ನಂತರ ಮೂರು ವರ್ಷ. ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದದ್ದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಎರಡಕ್ಕೂ ನೀಟ್ ಪಿಜಿ ರ‍್ಯಾಂಕೇ ಆಧಾರ. ಆಸ್ಪತ್ರೆಗಳಲ್ಲಿ ನಡೆಯುವ, ಎಂಡಿಗೆ ಸಮನಾದ ಡಿಎನ್‌ಬಿ ಕೂಡ ಮೂರು ವರ್ಷದ್ದೇ. ಹಿಂದೆ ಎಲ್ಲ ಕಡೆ ಇದ್ದ ಎರಡು ವರ್ಷದ ಡಿಪ್ಲೊಮಾ ಈಗ ಅಪರೂಪವಾಗಿದೆ.

ರ‍್ಯಾಂಕ್ ಸಾಲದವರು ತೆಗೆದುಕೊಳ್ಳುವ ಬ್ರಾಂಚ್ ಎಂದು ಎಲ್ಲರೂ ಹೇಳುತ್ತಾರಲ್ಲ?

ಹೇಳುತ್ತಾರೆ. ರೇಡಿಯಾಲಜಿ, ಜನರಲ್ ಮೆಡಿಸಿನ್, ಚರ್ಮರೋಗದ ಸೀಟುಗಳು ಮುಗಿದ ಮೇಲೆ ಇದನ್ನು ಆರಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ ಎನ್ನುವುದೂ ನಿಜವೇ. ಆದರೆ ಹೇಗೆ ಬಂದರು ಎನ್ನುವುದಕ್ಕೂ ಹೇಗೆ ಉಳಿದರು ಎನ್ನುವುದಕ್ಕೂ ಸಂಬಂಧವಿಲ್ಲ. ನಾನು ಕಂಡ ಒಳ್ಳೆಯ ಅರಿವಳಿಕೆ ತಜ್ಞರಲ್ಲಿ ಅನೇಕರು ಒಲ್ಲದ ಮನಸ್ಸಿನಿಂದಲೇ ಸೇರಿದವರು. ಸೇರಿದ ಮೊದಲ ಮೂರು ತಿಂಗಳು ಮುಂದಿನ ನೀಟ್‌ಗೆ ಓದುತ್ತಾ ಕೂರುತ್ತಾರೆ. ಒಂದು ದಿನ ಸಿಸೇರಿಯನ್ ಟೇಬಲ್ಲಿನಲ್ಲಿ ತಾಯಿಯ ರಕ್ತದೊತ್ತಡ ಕುಸಿಯುತ್ತದೆ, ಇವರ ಕೈಯಲ್ಲಿರುವ ಸಿರಿಂಜಿನಿಂದ ಅರ್ಧ ನಿಮಿಷದಲ್ಲಿ ಅದು ಮೇಲೇರುತ್ತದೆ. ಆಮೇಲೆ ಬ್ರಾಂಚ್ ಬದಲಿಸುವ ಮಾತು ತಾನಾಗಿ ನಿಂತುಹೋಗುತ್ತದೆ. ಔಷಧಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರ ಕಣ್ಣೆದುರಿಗೇ ಇಷ್ಟು ಬೇಗ ಫಲ ಕೊಡುವ ಇನ್ನೊಂದು ವಿಷಯವನ್ನು ನಾನಂತೂ ಕಂಡಿಲ್ಲ.

ದಿನಚರಿ ಹೇಗಿರುತ್ತದೆ?

ಸರ್ಜನ್ನರು ಎಂಟೂವರೆ ಒಂಬತ್ತಕ್ಕೆ ಬರುತ್ತಾರೆ. ಮೊದಲ ವರ್ಷದ ಪಿಜಿ ಏಳೂವರೆಯೊಳಗೆ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಇರಬೇಕು. ಏಕೆಂದರೆ ನಮ್ಮ ಕೆಲಸದ ಮುಖ್ಯ ಭಾಗ ರೋಗಿ ಒಳಗೆ ಬರುವ ಮೊದಲೇ ಮುಗಿಯುತ್ತದೆ.

ಮೊದಲು ಅರಿವಳಿಕೆ ಯಂತ್ರದ ತಪಾಸಣೆ. ಪೈಪ್‌ಲೈನಿನ ಒತ್ತಡ ನೋಡಬೇಕು. ಹಿಂದೆ ಕಟ್ಟಿರುವ ಆಮ್ಲಜನಕದ ಸಿಲಿಂಡರಿನ ಕವಾಟ ತಿರುಗಿಸಿ, ಅದರಲ್ಲಿ ನಿಜವಾಗಿಯೂ ಅನಿಲ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ರೋಗಿಗೆ ಅನಿಲ ಒಯ್ಯುವ ಕೊಳವೆಗಳ ಸರ್ಕ್ಯೂಟಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಸೋರಿಕೆ ಇದೆಯೇ ನೋಡಬೇಕು. ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಬಣ್ಣ ತಿರುಗಿದ್ದರೆ ಬದಲಿಸಬೇಕು. ಸಕ್ಷನ್ ಎಳೆಯುತ್ತಿದೆಯೇ? ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬು ಹತ್ತುತ್ತದೆಯೇ? ಎರಡನೆಯ ಲ್ಯಾರಿಂಗೋಸ್ಕೋಪ್ ಎಲ್ಲಿ? ಯಂತ್ರ ಎಷ್ಟೇ ಹೊಸದಿರಲಿ, ಅಂಬು ಬ್ಯಾಗ್ ಕೈಗೆಟಕುವಷ್ಟು ದೂರದಲ್ಲಿರಲೇಬೇಕು. ಯಂತ್ರ ಕೈಕೊಟ್ಟಾಗ ಉಸಿರು ಕೊಡುವುದು ಅದೊಂದೇ.

ಆಮೇಲೆ ಔಷಧಗಳು. ಪ್ರೊಪೊಫಾಲ್ ಹಾಲಿನಂತೆ ಬೆಳ್ಳಗಿರುವುದರಿಂದ ಗುರುತು ಸುಲಭ. ಉಳಿದವೆಲ್ಲ ನೀರಿನಂತೆಯೇ ಕಾಣುತ್ತವೆ: ಫೆಂಟನಿಲ್, ಅಟ್ರೋಪಿನ್, ಸಕ್ಸಿನೈಲ್‌ಕೋಲಿನ್, ವೆಕ್ಯುರೋನಿಯಂ. ಬಣ್ಣದ ಲೇಬಲ್ ಇರುವ ಕಡೆ ಅದನ್ನು ಅಂಟಿಸಿ, ಇಲ್ಲದ ಕಡೆ ಮೈಕ್ರೋಪೋರ್ ತುಂಡಿನ ಮೇಲೆ ಹೆಸರನ್ನೂ ಒಂದು ಮಿಲಿಗೆ ಎಷ್ಟು ಮಿಲಿಗ್ರಾಂ ಎನ್ನುವುದನ್ನೂ ಬರೆಯಿರಿ. ಔಷಧ ಎಳೆದುಕೊಂಡ ಗಳಿಗೆಯಲ್ಲೇ ಬರೆಯಬೇಕು, ಆಮೇಲೆ ಎಂದರೆ ಆಗುವುದಿಲ್ಲ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಆಂಪ್ಯೂಲನ್ನು ಬೆನ್ನಿಗೆ ಕೊಡುವ ಬುಪಿವಕೇನ್ ಎಂದು ತಪ್ಪು ತಿಳಿದು ಚುಚ್ಚಿ ಜೀವ ಹೋದ ಪ್ರಕರಣಗಳು ಜಗತ್ತಿನಲ್ಲಿ ಎಷ್ಟು ಆದವೆಂದರೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಹೊರಡಿಸಿತು. ಎರಡೂ ನೋಡಲು ಒಂದೇ ತರಹದ ಪುಟ್ಟ ಗಾಜಿನ ಆಂಪ್ಯೂಲುಗಳು, ಒಂದೇ ಟ್ರೇಯಲ್ಲಿ ಕೂತಿರುತ್ತವೆ.

ಸಾಯಂಕಾಲ ನಾಲ್ಕು ಐದಕ್ಕೆ ಪಟ್ಟಿ ಮುಗಿಯಬೇಕು. ಮುಗಿಯುವುದಿಲ್ಲ. ಅನಂತರ ಮರುದಿನದ ರೋಗಿಗಳನ್ನು ವಾರ್ಡಿನಲ್ಲಿ ನೋಡಿ, ಸೀನಿಯರಿಗೆ ಫೋನಿನಲ್ಲಿ ಕೇಸ್ ಹೇಳಿದರೆ ಡ್ಯೂಟಿ ಇಲ್ಲದವನ ದಿನ ಮುಗಿಯಿತು.

ಮೊದಲ ಆರು ತಿಂಗಳಲ್ಲಿ ಇಂಟ್ಯುಬೇಷನ್ ಮಾಡಲು ಬಿಡುತ್ತಾರೆಯೇ?

ಬಿಡುತ್ತಾರೆ. ಎಲ್ಲರ ಆಸೆಯೂ ಅದರ ಮೇಲೆಯೇ, ಅಂದರೆ ಉಸಿರು ಕೊಡಲು ಶ್ವಾಸನಾಳಕ್ಕೆ ಟ್ಯೂಬು ಹಾಕುವುದರ ಮೇಲೆಯೇ ಇರುತ್ತದೆ. ನನ್ನನ್ನು ಕೇಳಿದರೆ ಮೊದಲು ಕಲಿಯಬೇಕಾದದ್ದು ಮಾಸ್ಕ್ ಹಿಡಿಯುವುದನ್ನು. ಎಡಗೈಯ ಮೂರು ಬೆರಳು ದವಡೆಯ ಮೂಳೆಯ ಮೇಲೆ, ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕಿನ ಮೇಲೆ, ಗಾಳಿ ಸೋರದಂತೆ, ಕತ್ತಿನ ಮೃದು ಭಾಗವನ್ನು ಒತ್ತದಂತೆ. ಗಡ್ಡ ಇರುವವರಲ್ಲಿ, ಹಲ್ಲಿಲ್ಲದ ಅಜ್ಜಂದಿರಲ್ಲಿ ಇದೇ ಕಷ್ಟ. ಟ್ಯೂಬು ಹೋಗದಿದ್ದರೂ ಮಾಸ್ಕಿನಿಂದ ಉಸಿರು ಕೊಡಲು ಬಂದರೆ ರೋಗಿ ಬದುಕುತ್ತಾನೆ. ಮಾಸ್ಕ್ ಬಾರದವನು ಟ್ಯೂಬಿನ ಮೇಲೆ ಪೂರ್ತಿ ನಂಬಿಕೆ ಇಟ್ಟರೆ ಅದು ಜೂಜು.

ಟ್ಯೂಬು ಸರಿಯಾದ ಜಾಗದಲ್ಲಿದೆ ಎನ್ನುವುದಕ್ಕೆ ಸಾಕ್ಷಿ, ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ತೋರಿಸುವ ಕ್ಯಾಪ್ನೋಗ್ರಾಫಿನ ಅಲೆ. ಎದೆ ಏರಿಳಿಯುವುದು, ಸ್ಟೆತಸ್ಕೋಪಿನ ಸದ್ದು ಎರಡೂ ಮೋಸ ಮಾಡಬಲ್ಲವು. ಅಲೆ ಬರದಿದ್ದರೆ ಟ್ಯೂಬು ಅನ್ನನಾಳದಲ್ಲಿದೆ ಎಂದೇ ತಿಳಿಯಿರಿ, ವಾದಕ್ಕೆ ನಿಲ್ಲಬೇಡಿ.

ಹಾಗೆಯೇ ಕಿವಿಯಿಂದ ಕೆಲಸ ಮಾಡುವುದನ್ನು ಕಲಿಯುತ್ತೀರಿ. ಪಲ್ಸ್ ಆಕ್ಸಿಮೀಟರಿನ ಬೀಪ್ ಸದ್ದಿನ ಸ್ಥಾಯಿ ಆಮ್ಲಜನಕದ ಪ್ರಮಾಣ ಇಳಿದಂತೆ ತಾನೂ ಇಳಿಯುತ್ತದೆ. ವರ್ಷ ಕಳೆಯುವಷ್ಟರಲ್ಲಿ ನೀವು ಬೆನ್ನು ತಿರುಗಿಸಿ ಔಷಧ ಎಳೆಯುತ್ತಿದ್ದರೂ ಆ ಸದ್ದು ಅರ್ಧ ಸ್ವರ ಇಳಿದೊಡನೆ ತಿರುಗಿ ನೋಡುತ್ತೀರಿ. ಇದೇ ಕಾರಣಕ್ಕೆ ಮಾನಿಟರಿನ ಸದ್ದನ್ನು ಬಂದ್ ಮಾಡಿ ಹಾಡು ಹಾಕುವ ಥಿಯೇಟರುಗಳ ಬಗ್ಗೆ ನನಗೆ ಸಿಟ್ಟಿದೆ.

ಪಿಎಸಿ ಎಂದು ಎಲ್ಲರೂ ಮಾತನಾಡುತ್ತಾರೆ, ಅದೇನು?

ಅರಿವಳಿಕೆಗೆ ಮುಂಚಿನ ತಪಾಸಣೆ. ಪಿಜಿಗಳು ಇದನ್ನು ಫಾರಂ ತುಂಬುವ ಕೆಲಸವೆಂದು ಬಗೆಯುತ್ತಾರೆ. ನನ್ನ ಮಟ್ಟಿಗೆ ಇಡೀ ತರಬೇತಿಯ ತಿರುಳು ಇಲ್ಲಿದೆ: ನಾಳೆ ಓಟಿಯಲ್ಲಿ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಇಂದು ವಾರ್ಡಿನ ಮಂಚದ ಮೇಲೆ ಕೂತು ನಮಗೆ ಉತ್ತರ ಹೇಳುತ್ತಿರುತ್ತವೆ. ಕೇಳಿಸಿಕೊಳ್ಳಲು ಬರಬೇಕು ಅಷ್ಟೆ.

ಉಪವಾಸದ ವಿಷಯ ನೋಡಿ. ನಿಯಮ ಸರಳ: ನೀರಿಗೆ ಎರಡು ಗಂಟೆ, ತಾಯಿಯ ಹಾಲಿಗೆ ನಾಲ್ಕು, ಹಗುರ ಆಹಾರಕ್ಕೆ ಆರು, ಎಣ್ಣೆ ತುಪ್ಪದ ಊಟಕ್ಕೆ ಎಂಟು. ನೀವು "ಊಟ ಮಾಡಿದ್ದೀರಾ ಅಮ್ಮ?" ಎಂದು ಕೇಳುತ್ತೀರಿ. "ಇಲ್ಲ ಸಾರ್, ಬೆಳಿಗ್ಗೆಯಿಂದ ಖಾಲಿ ಹೊಟ್ಟೆ." ಒಳ್ಳೆಯದು ಎಂದು ಬರೆದುಕೊಂಡು ಹೊರಟರೆ ಕೆಟ್ಟಿರಿ. ಆಕೆ ಎರಡು ಇಡ್ಲಿ ತಿಂದಿದ್ದಾರೆ, ಅದು ತಿಂಡಿ, ಊಟವಲ್ಲ. ಒಂದು ಲೋಟ ಟೀ ಕುಡಿದಿದ್ದಾರೆ, ಅದು ಯಾವ ಲೆಕ್ಕಕ್ಕೂ ಇಲ್ಲ. ಹಾಲು ಬೆರೆಸಿದ ಟೀ ನಮ್ಮ ಲೆಕ್ಕದಲ್ಲಿ ನೀರಲ್ಲ, ಅದಕ್ಕೆ ಆರು ಗಂಟೆ ಬೇಕು. ಹೀಗಾಗಿ ಇಡ್ಲಿ, ಟೀ, ಬಿಸ್ಕತ್ತು, ಬಾಳೆಹಣ್ಣು, ದೇವರ ಪ್ರಸಾದ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು.

ಬಾಯಿ ತೆರೆಸುವುದೂ ಹಾಗೆಯೇ. ಟ್ಯೂಬು ಸುಲಭವಾಗಿ ಹೋಗುತ್ತದೆಯೇ ಎಂದು ಅಂದಾಜಿಸಲು ಬಾಯಿ ಅಗಲಿಸಿ ನಾಲಿಗೆ ಚಾಚಿಸಿ ಗಂಟಲು ಎಷ್ಟು ಕಾಣುತ್ತದೆ ಎಂದು ದರ್ಜೆ ಕಟ್ಟುವ ಪರೀಕ್ಷೆಯನ್ನು 1985ರಲ್ಲಿ ಪ್ರಕಟಿಸಿದವರು ಆಂಧ್ರ ಮೂಲದ ಮಲ್ಲಂಪಾಟಿ. ಜಗತ್ತಿನ ಎಲ್ಲ ಪಿಜಿಗಳೂ ಆ ಹೆಸರನ್ನು ದಿನವೂ ಬರೆಯುತ್ತಾರೆ. ನಮ್ಮಲ್ಲಿ ಅದಕ್ಕಿಂತ ಮುಂಚೆ ಇನ್ನೊಂದು ತಡೆ ಇದೆ: ಗುಟ್ಕಾ ಮತ್ತು ಅಡಿಕೆ. ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಭಾಗ ಗಟ್ಟಿ ಪಟ್ಟಿಯಾಗಿ ಬಾಯಿ ಮೂರು ಬೆರಳಿನಷ್ಟೂ ತೆರೆಯುವುದಿಲ್ಲ. "ಅಭ್ಯಾಸ ಇದೆಯೇ?" ಎಂದರೆ, ಹೆಂಡತಿ ಪಕ್ಕದಲ್ಲಿರುವಾಗ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಹಲ್ಲಿನ ಬಣ್ಣ ನೋಡಿ, ಆಕೆ ನೀರು ತರಲು ಹೋದಾಗ ಮತ್ತೊಮ್ಮೆ ಕೇಳಿ.

"ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವಮಾನವಿಡೀ ಬೆನ್ನುನೋವಂತೆ, ಹೌದೇ ಡಾಕ್ಟರೇ?" ಈ ಪ್ರಶ್ನೆ ಬಾರದ ದಿನವಿಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆಯ ಬೆನ್ನುನೋವಿಗೆ ಆ ಸೂಜಿ ಕಾರಣವಲ್ಲ. ಮಗುವನ್ನು ಹೊತ್ತು, ಹೆತ್ತು, ಬಾಗಿ ಹಾಲೂಡಿಸುವ ತಿಂಗಳುಗಳಲ್ಲಿ ಬೆನ್ನು ನೋಯುವುದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಇದನ್ನು ಎರಡು ನಿಮಿಷ ಕೂತು ಹೇಳಿದರೆ ಮರುದಿನ ಆಕೆ ಬೆನ್ನು ಬಾಗಿಸಿ ಅಲುಗಾಡದೆ ಕೂರುತ್ತಾರೆ. ಸೂಜಿ ಒಂದೇ ಸಲಕ್ಕೆ ಹೋಗುತ್ತದೆ.

ನಾನು ಹೊರರಾಜ್ಯದವನು. ಕನ್ನಡ ಬಾರದಿದ್ದರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಪ್ರಜ್ಞೆ ತಪ್ಪಿಸುವವನಿಗೆ ಭಾಷೆ ಯಾಕೆ ಎಂದು ನಗುವವರಿದ್ದಾರೆ. ಸಿಸೇರಿಯನ್ನಿಗೆ ಬೆನ್ನಿಗೆ ಔಷಧ ಕೊಟ್ಟ ಮೇಲೆ ತಾಯಿ ಎಚ್ಚರವಾಗಿಯೇ ಇರುತ್ತಾರೆ. "ಹೊಟ್ಟೆ ತೊಳಸುತ್ತಿದೆ", "ಕಣ್ಣು ಕತ್ತಲಿಟ್ಟಂತೆ ಆಗುತ್ತಿದೆ" ಎಂದರೆ ರಕ್ತದೊತ್ತಡ ಇಳಿಯುತ್ತಿದೆ ಎಂದರ್ಥ. ತೋಳಿನ ಪಟ್ಟಿ ಮತ್ತೊಮ್ಮೆ ಉಬ್ಬಿ ಅಂಕಿ ತೋರಿಸುವ ಮೊದಲೇ ಆಕೆ ಅದನ್ನು ಹೇಳಿಬಿಟ್ಟಿರುತ್ತಾರೆ. ಆ ಮಾತು ಅರ್ಥವಾದವನು ಆಗಲೇ ಸಿರಿಂಜಿಗೆ ಕೈ ಹಾಕಿರುತ್ತಾನೆ.

"ಉಸಿರು ಜೋರಾಗಿ ಎಳೆದುಕೊಳ್ಳಿ", "ಕಣ್ಣು ಬಿಡಿ", "ತಲೆ ಎತ್ತಿ ಹಿಡಿಯಿರಿ", "ನನ್ನ ಕೈ ಗಟ್ಟಿಯಾಗಿ ಹಿಡಿಯಿರಿ": ಇಷ್ಟನ್ನು ಮೊದಲ ವಾರದಲ್ಲೇ ಕಲಿಯಿರಿ. ಅಜ್ಜಿಯನ್ನು ಅಜ್ಜಿ ಎಂದು, ನಡುವಯಸ್ಸಿನವರನ್ನು ಅಮ್ಮ, ಅಣ್ಣ ಎಂದು ಕರೆಯಿರಿ. ಎಲ್ಲರಿಗೂ ಬಹುವಚನ.

ರಾತ್ರಿ ಡ್ಯೂಟಿ ಎಷ್ಟಿರುತ್ತದೆ? ನಿದ್ದೆ ಸಿಗುತ್ತದೆಯೇ?

ನೇರವಾಗಿ ಹೇಳುತ್ತೇನೆ: ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ವರ್ಷ ಕಠಿಣ. ಮೂರು ನಾಲ್ಕು ದಿನಕ್ಕೊಮ್ಮೆ ಡ್ಯೂಟಿ, ಹಗಲು ಸೇರಿ 24 ಗಂಟೆ, ಮರುದಿನದ ಕೆಲಸವೂ ಸೇರಿದರೆ ಇನ್ನೂ ಹೆಚ್ಚು. ರಾತ್ರಿ ಪಟ್ಟಿಯಲ್ಲಿ ಸಿಸೇರಿಯನ್ನುಗಳು, ಒಡೆದ ಅಪೆಂಡಿಕ್ಸ್, ಕರುಳು ತೂತಾದವರು, ಹೆದ್ದಾರಿ ಅಪಘಾತಗಳು. ನಡುವೆ ವಾರ್ಡಿನಿಂದ ಹೃದಯ ನಿಂತ ಕರೆ.

ಕಾಗದದ ಮೇಲೆ ನಿಯಮಗಳಿವೆ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ ಗಂಟೆಗಳ ಲೆಕ್ಕ ಹೇಳದೆ 'ಸಮಂಜಸ' ಕೆಲಸದ ಅವಧಿ ಎಂದು ಜಾರಿಕೊಂಡಿತು. ಆದರೆ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ ಎಂದಿದೆ. ಇವು ಸಿಗುತ್ತವೆಯೇ ಎನ್ನುವುದು ನಿಮ್ಮ ವಿಭಾಗದ ಮುಖ್ಯಸ್ಥರು ಮತ್ತು ಎಷ್ಟು ಜನ ಪಿಜಿಗಳಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ನಿದ್ದೆಗೆಟ್ಟು ಅರಿವಳಿಕೆ ಕೊಡುವುದನ್ನು ಶೌರ್ಯ ಎಂದು ಹೊಗಳುವ ಹಳೆಯ ತಲೆಗಳು ಇನ್ನೂ ಇವೆ. ನಾನು ಆ ಪಕ್ಷದವನಲ್ಲ. ರಾತ್ರಿಯಿಡೀ ಎದ್ದಿದ್ದವನನ್ನು ಬೆಳಿಗ್ಗೆ ಮನೆಗೆ ಕಳುಹಿಸದ ವಿಭಾಗ ಎಷ್ಟೇ ಹೆಸರುವಾಸಿಯಾಗಿದ್ದರೂ ಸೇರುವ ಮುನ್ನ ಎರಡು ಸಲ ಯೋಚಿಸಿ.

ಸರ್ಜನ್ನರು ಕೂಗಾಡುತ್ತಾರಂತೆ?

ಕೆಲವರು. "ಇನ್ನೂ ಎಷ್ಟು ಹೊತ್ತು?" ಎಂಬ ಪ್ರಶ್ನೆಗೆ ಗಡಿಯಾರ ನೋಡಿ ನಿಜವಾದ ನಿಮಿಷ ಹೇಳಿ, "ಆಯಿತು ಸಾರ್" ಎಂದು ತೇಲಿಸಬೇಡಿ. ಪೊಟ್ಯಾಸಿಯಂ ಸರಿ ಇಲ್ಲ, ರಕ್ತ ಸಿದ್ಧವಿಲ್ಲ ಎಂದರೆ ಕೇಸ್ ಮುಂದೂಡುವ ಹಕ್ಕು ನಮಗಿದೆ. ಅದನ್ನು ಚಲಾಯಿಸುವಾಗ ಸೀನಿಯರನ್ನು ಜೊತೆಗಿಟ್ಟುಕೊಳ್ಳಿ. ಕಾರಣವನ್ನು ಕೇಸ್‌ಶೀಟಿನಲ್ಲಿ ಬರೆಯಿರಿ, ಕಾರಿಡಾರಿನಲ್ಲಿ ಜಗಳಕ್ಕಿಳಿಯಬೇಡಿ. ಒಳ್ಳೆಯ ಸರ್ಜನ್ ತನ್ನ ರಕ್ತಸ್ರಾವವನ್ನು ತಾನೇ ಮೊದಲು ಹೇಳುತ್ತಾನೆ. ಅಂಥವರ ಜೊತೆ ಕೆಲಸ ಮಾಡುವುದು ಸುಖ.

ಓಟಿಯ ಹೊರಗೂ ಕೆಲಸ ಇರುತ್ತದೆಯೇ?

ಇರುತ್ತದೆ, ಐಸಿಯುನಲ್ಲಿ ತಿಂಗಳುಗಟ್ಟಲೆ. ನಮ್ಮ ಕಡೆಯ ಐಸಿಯುಗೆ ತನ್ನದೇ ಮುಖವಿದೆ. ಕೀಟನಾಶಕ ಕುಡಿದವರು ಬರುತ್ತಾರೆ: ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಬಾಯಲ್ಲಿ ನೊರೆ, ಬಟ್ಟೆಯಲ್ಲೆಲ್ಲ ಆ ಘಾಟು. ಎದೆಯ ಗೊರಗೊರ ನಿಲ್ಲುವ ತನಕ ಅಟ್ರೋಪಿನ್ ಕೊಡುತ್ತಲೇ ಇರಬೇಕು. 0.6 ಮಿಲಿಗ್ರಾಮಿನ ಆಂಪ್ಯೂಲುಗಳನ್ನು ಒಡೆದು ಒಡೆದು ಬೆರಳು ಗಾಯವಾಗುತ್ತದೆ. ಮಳೆಗಾಲದಲ್ಲಿ ಹಾವು ಕಚ್ಚಿದವರು. ಕಟ್ಟುಹಾವು ಕಚ್ಚಿದವನು ರೆಪ್ಪೆ ಎತ್ತಲಾರ, ಕೈಕಾಲು ಆಡಿಸಲಾರ, ನೋಡಿದರೆ ಮಿದುಳು ಸತ್ತಂತೆ ಕಾಣುತ್ತಾನೆ. ಆದರೆ ಅವನಿಗೆ ಎಲ್ಲವೂ ಕೇಳಿಸುತ್ತಿರುತ್ತದೆ. ಪ್ರತಿವಿಷ ಕೊಟ್ಟು ವೆಂಟಿಲೇಟರಿನಲ್ಲಿ ಕೆಲವು ದಿನ ಉಸಿರು ನಡೆಸಿದರೆ ಎದ್ದು ನಡೆದು ಮನೆಗೆ ಹೋಗುತ್ತಾನೆ. ಅವನ ಮಂಚದ ಪಕ್ಕದಲ್ಲಿ ನಿಂತು ಬದುಕುವುದಿಲ್ಲ ಎಂಬ ಮಾತು ಆಡಬೇಡಿ.

ಮೂರರಿಂದ ಐದನೆಯ ಸೆಮಿಸ್ಟರಿನ ನಡುವೆ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿಯೂ ಇದೆ. ಜಿಲ್ಲಾಸ್ಪತ್ರೆಯಲ್ಲಿ ಇರುವಷ್ಟರಲ್ಲೇ ಕೆಲಸ ನಡೆಸುವುದನ್ನು ನೋಡುವ ಅವಕಾಶ. ಹೆಚ್ಚಿನವರು ಇದನ್ನು ಓದಿಕೊಳ್ಳುವ ರಜೆಯಂತೆ ಕಳೆಯುತ್ತಾರೆ.

ಹುಡುಗಿಯರಿಗೆ ಒಳ್ಳೆಯ ಬ್ರಾಂಚ್ ಎನ್ನುತ್ತಾರೆ. ನಿಜವೇ?

ಹುಡುಗರಿಗೂ ಒಳ್ಳೆಯದೇ. ಒಪಿಡಿ ಇಲ್ಲ, ರೋಗಿಗಳು ಮನೆಗೆ ಫೋನ್ ಮಾಡುವುದಿಲ್ಲ ಎಂಬ ಲೆಕ್ಕದಲ್ಲಿ ತಂದೆ ತಾಯಂದಿರು ಹಾಗೆ ಹೇಳುತ್ತಾರೆ. ರಾತ್ರಿ ಎರಡಕ್ಕೆ ಸಿಸೇರಿಯನ್ನಿಗೆ ಓಡುವುದು ಅವರ ಲೆಕ್ಕದಲ್ಲಿ ಇರುವುದಿಲ್ಲ. ಹೆರಿಗೆ ರಜೆ ಸಿಗುತ್ತದೆ, ಅದರಿಂದ ಹಾಜರಾತಿ ಕಡಿಮೆಯಾದರೆ ಕೋರ್ಸ್ ಅಷ್ಟು ಕಾಲ ಮುಂದಕ್ಕೆ ಹೋಗಬಹುದು. ಗರ್ಭಿಣಿಯಾಗಿದ್ದಾಗ ಸಿ ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಬಳಸುವ ಓಟಿಯನ್ನೂ ಅರಿವಳಿಕೆ ಅನಿಲ ಹೊರಹಾಕುವ ವ್ಯವಸ್ಥೆ ಇಲ್ಲದ ಕೋಣೆಯನ್ನೂ ಬಿಟ್ಟು ಬೇರೆ ಕಡೆ ಹಾಕಿ ಎಂದು ಕೇಳಲು ಸಂಕೋಚ ಬೇಡ. ಇನ್ನು, ಕೊರಳಲ್ಲಿ ಸ್ಟೆತಸ್ಕೋಪ್ ಇದ್ದರೂ ರೋಗಿಗಳು ನಿಮ್ಮನ್ನು "ಸಿಸ್ಟರ್" ಎಂದೇ ಕರೆಯುತ್ತಾರೆ, ನಿಮ್ಮ ಪಕ್ಕದ ಇಂಟರ್ನ್ ಹುಡುಗನನ್ನು "ಸಾರ್" ಎನ್ನುತ್ತಾರೆ.

ಟೇಬಲ್ಲಿನ ಮೇಲೆ ರೋಗಿ ತೀರಿಕೊಂಡರೆ?

ಮೂರು ವರ್ಷದಲ್ಲಿ ಒಮ್ಮೆಯಾದರೂ ನೋಡುತ್ತೀರಿ. ಪಿಜಿಯನ್ನು ಒಬ್ಬನನ್ನೇ ಸಂಬಂಧಿಕರ ಮುಂದೆ ಕಳುಹಿಸಬಾರದು. ಕಳುಹಿಸಿದರೆ ಹೋಗಬೇಡಿ, ಸೀನಿಯರ್ ಬರಲಿ. ಚಾರ್ಟನ್ನು ಸಮಯ ಸಮೇತ ಬರೆಯಿರಿ, ಬರೆದದ್ದನ್ನು ಆಮೇಲೆ ತಿದ್ದಬೇಡಿ. ಆ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಒಬ್ಬರೇ ಇರಬೇಡಿ.

ಮುಚ್ಚಿಡುವ ಇನ್ನೊಂದು ಮಾತಿದೆ. ಫೆಂಟನಿಲ್, ಕೆಟಮಿನ್, ಪ್ರೊಪೊಫಾಲ್ ನಮ್ಮ ಕೈಯಲ್ಲೇ ಇರುತ್ತವೆ. ಇವುಗಳ ಚಟಕ್ಕೆ ಬಿದ್ದ ಅರಿವಳಿಕೆ ವೈದ್ಯರ ಕಥೆಗಳು ಎಲ್ಲ ದೇಶಗಳಲ್ಲೂ ಇವೆ. ನಿದ್ದೆ ಬಾರದಿರುವುದು, ಬದುಕು ಬೇಡವೆನಿಸುವುದು, ಸಹಪಾಠಿಯ ಔಷಧದ ಲೆಕ್ಕ ತಾಳೆಯಾಗದಿರುವುದು, ಯಾವುದನ್ನೂ ಮುಚ್ಚಿಡಬೇಡಿ, ನಂಬಿಕೆಯ ಹಿರಿಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಥೀಸಿಸ್, ಪರೀಕ್ಷೆ?

ಮೊದಲ ವರ್ಷವೇ ಥೀಸಿಸ್ ವಿಷಯ ಆರಿಸಿ, ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ನಿಮ್ಮ ಆಸ್ಪತ್ರೆಯಲ್ಲಿ ದಿನವೂ ಬರುವ ಕೇಸನ್ನೇ ಆರಿಸಿಕೊಳ್ಳಿ. ತಿಂಗಳಿಗೊಮ್ಮೆ ಬರುವ ಶಸ್ತ್ರಚಿಕಿತ್ಸೆಯ ಮೇಲೆ ಅಧ್ಯಯನ ಹೂಡಿದವರು ಮೂರನೆಯ ವರ್ಷ ಒದ್ದಾಡುತ್ತಾರೆ. ಕೊನೆಗೆ ನಾಲ್ಕು ಥಿಯರಿ ಪತ್ರಿಕೆ, ಪ್ರಾಯೋಗಿಕ, ವೈವಾ. ವೈವಾ ಮೇಜಿನ ಮೇಲೆ ಔಷಧ, ಉಪಕರಣ, ಇಸಿಜಿ, ಎಕ್ಸ್‌ರೇ ಇಟ್ಟಿರುತ್ತಾರೆ. ದಿನವೂ ಯಂತ್ರದ ತಪಾಸಣೆ ಮಾಡಿದವನಿಗೆ ಆ ಮೇಜು ಸಲೀಸು.

ಸ್ಟೈಪೆಂಡ್, ಬಾಂಡ್?

ಸರ್ಕಾರಿ ಕಾಲೇಜುಗಳಲ್ಲಿ ತಿಂಗಳಿಗೆ ಅರ್ಧ ಲಕ್ಷದ ಆಸುಪಾಸು, ವರ್ಷದಿಂದ ವರ್ಷಕ್ಕೆ ಸ್ವಲ್ಪ ಏರುತ್ತದೆ. ಖಾಸಗಿಯಲ್ಲಿ ಒಂದೊಂದು ಕಡೆ ಒಂದೊಂದು. ಕೈಗೆ ಎಷ್ಟು ಬರುತ್ತದೆ ಎಂದು ಅಲ್ಲಿ ಓದುತ್ತಿರುವವರನ್ನೇ ಕೇಳಿ. ಕಡ್ಡಾಯ ಗ್ರಾಮೀಣ ಸೇವೆಗೆ ಕರ್ನಾಟಕದಲ್ಲಿ 2012ರ ಕಾಯ್ದೆ ಇದೆ, ಅದಕ್ಕೆ ತಿದ್ದುಪಡಿಗಳೂ ಆಗಿವೆ. ನೀವು ಸೇರುವ ವರ್ಷದ ಕೈಪಿಡಿಯನ್ನು ಪೂರ್ತಿ ಓದಿಯೇ ಸಹಿ ಹಾಕಿ.

ಮುಗಿದ ಮೇಲೆ ಏನು ದಾರಿ?

ಕೆಲಸಕ್ಕೆ ಬರವಿಲ್ಲ. ಹೃದಯ, ನರ, ಮಕ್ಕಳ ಅರಿವಳಿಕೆ, ಕ್ರಿಟಿಕಲ್ ಕೇರ್ ಇವುಗಳಲ್ಲಿ ನೀಟ್ ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಡಿಯ ಮುಂದಿನ ಪದವಿಯಾದ ಡಿಎಂ ಮಾಡಬಹುದು. ನರ ಅರಿವಳಿಕೆಗೆ ನಮ್ಮ ನಿಮ್ಹಾನ್ಸ್ ಇದೆ, ಅದರ ಪ್ರವೇಶ ಪರೀಕ್ಷೆ ಮಾತ್ರ ಬೇರೆ. ತಾಲ್ಲೂಕು ಊರುಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಉಪಕರಣದ ಪೆಟ್ಟಿಗೆ ಇಟ್ಟುಕೊಂಡು ನರ್ಸಿಂಗ್ ಹೋಮಿನಿಂದ ನರ್ಸಿಂಗ್ ಹೋಮಿಗೆ ಓಡುವವರು ಚೆನ್ನಾಗಿ ಸಂಪಾದಿಸುತ್ತಾರೆ. ಅಲ್ಲಿ ಕ್ಯಾಪ್ನೋಗ್ರಾಫ್ ಇದೆಯೇ, ಸಹಾಯಕ್ಕೆ ಯಾರಿದ್ದಾರೆ ಎನ್ನುವುದನ್ನು ಮೊದಲ ದಿನವೇ ನೋಡಿಕೊಳ್ಳಬೇಕು. ಕೋರ್ಸ್ ಮುಗಿದ ಕೂಡಲೇ ಅದಕ್ಕೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಒಂದು ವರ್ಷವಾದರೂ ದೊಡ್ಡ ಆಸ್ಪತ್ರೆಯಲ್ಲಿ ಸೀನಿಯರ್ ರೆಸಿಡೆಂಟ್ ಆಗಿರಿ.

ಯಾರಿಗೆ ಇದು ಒಗ್ಗುವುದಿಲ್ಲ?

ರೋಗಿ ತನ್ನ ಹೆಸರು ನೆನಪಿಟ್ಟುಕೊಳ್ಳಬೇಕು ಎನ್ನುವವರಿಗೆ. ಮಿಠಾಯಿ ಡಬ್ಬ ಸರ್ಜನ್ ಕೋಣೆಗೆ ಹೋಗುತ್ತದೆ. ಸಹಾಯ ಕೇಳುವುದು ಅವಮಾನ ಎಂದುಕೊಂಡವರಿಗೆ ಇನ್ನೂ ಒಗ್ಗುವುದಿಲ್ಲ. ಟ್ಯೂಬು ಹಾಕಲು ಮೂರನೆಯ ಪ್ರಯತ್ನಕ್ಕೆ ಕೈ ಹಾಕುವ ಮೊದಲೇ "ಸಾರ್, ಬನ್ನಿ" ಎಂದು ಕೂಗುವ ಪಿಜಿಯನ್ನು ನಾನು ರಾತ್ರಿ ಡ್ಯೂಟಿಗೆ ಧೈರ್ಯವಾಗಿ ಹಾಕುತ್ತೇನೆ.

ಸೇರುವ ಮೊದಲು ಏನಾದರೂ ಓದಿಕೊಂಡು ಬರಬೇಕೇ?

ಹೃದಯ ಮತ್ತು ಶ್ವಾಸಕೋಶದ ಶರೀರಕ್ರಿಯೆ ಒಮ್ಮೆ ತಿರುವಿಹಾಕಿ. ಹೃದಯ ನಿಂತವರಿಗೆ ಮಾಡುವ ಚಿಕಿತ್ಸೆಯ ತರಬೇತಿಯನ್ನು ಮೊದಲ ವರ್ಷ ಹೇಗೂ ಕೊಡುತ್ತಾರೆ. ಅದಕ್ಕಿಂತ ಮುಖ್ಯ, ಕೌನ್ಸೆಲಿಂಗ್‌ನಲ್ಲಿ ಆಯ್ಕೆ ಒತ್ತುವ ಮುನ್ನ ಆ ಕಾಲೇಜಿನ ಎರಡನೆಯ ವರ್ಷದ ಪಿಜಿಯೊಬ್ಬರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಮೂರು ವಿಷಯ ಕೇಳಿ: ರಾತ್ರಿ ಕರೆದರೆ ಸೀನಿಯರ್ ಬರುತ್ತಾರೆಯೇ? ಎಲ್ಲ ಟೇಬಲ್ಲಿಗೂ ಕ್ಯಾಪ್ನೋಗ್ರಾಫ್ ಇದೆಯೇ? ಡ್ಯೂಟಿಯ ಮರುದಿನ ಎಷ್ಟು ಗಂಟೆಗೆ ಬಿಡುತ್ತಾರೆ? ಮೊದಲ ಪ್ರಶ್ನೆಗೆ ಅವರು ತಡವರಿಸಿದರೆ ಪಟ್ಟಿಯಲ್ಲಿ ಆ ಕಾಲೇಜನ್ನು ಕೆಳಗೆ ಹಾಕಿ.